ಡಬ್ಬಿಯಲ್ಲಿ ಇಲ್ಲದ ಕಾರ್ಡು

ಅತ್ತೆ ತೀರಿಕೊಂಡ ಮೇಲೆ ಅವರ ಅಡುಗೆಮನೆಯಿಂದ ನನ್ನ ಪಾಲಿಗೆ ಬಂದದ್ದು ಒಂದು ತಗಡಿನ ಡಬ್ಬಿ. ಹಸಿರು ಬಣ್ಣ. ಮುಚ್ಚಳದ ಒಂದು ಮೂಲೆ ತಗ್ಗಿದೆ, ಹಾಗಾಗಿ ಪೂರ್ತಿ ಮುಚ್ಚಲ್ಲ. ಒಳಗೆ ಅಂಗೈ ಅಗಲದ ಕಾರ್ಡುಗಳು. ಎಣಿಸಿದೆ, 142 ಇವೆ. ಅರ್ಧ ಸ್ಪ್ಯಾನಿಷ್, ಅರ್ಧ ಇಂಗ್ಲಿಷ್. ಕೆಲವು ಸ್ಪ್ಯಾನಿಷ್‌ನಲ್ಲಿ ಶುರುವಾಗಿ ಇಂಗ್ಲಿಷ್‌ನಲ್ಲಿ ಮುಗಿಯುತ್ತವೆ. ಅತ್ತೆ ಮಾತಾಡುತ್ತಿದ್ದದ್ದೂ ಹಾಗೇ.

ನಾನು ತಿಪಟೂರಿನ ಕಡೆಯವಳು. ನ್ಯೂ ಮೆಕ್ಸಿಕೋದ ಅಲ್ಬುಕರ್ಕಿಗೆ ಬಂದು 14 ವರ್ಷ ಆಯಿತು. ನನ್ನ ಗಂಡನ ಮನೆಯವರು ಇದೇ ರಾಜ್ಯದ ಉತ್ತರದವರು, ಎಸ್ಪನ್ಯೋಲಾ ಕಣಿವೆಯ ಹಳ್ಳಿಯವರು. "ನಿಮ್ಮತ್ತೆ ಮೆಕ್ಸಿಕೋದಿಂದ ಯಾವಾಗ ಬಂದರು?" ಅಂತ ಊರಲ್ಲಿ ಎಲ್ಲರೂ ಕೇಳುತ್ತಾರೆ. ಅವರು ಎಲ್ಲಿಂದಲೂ ಬಂದವರಲ್ಲ. ಸ್ಪೇನಿನವರು 1598ರಲ್ಲಿ ಆ ಕಣಿವೆಯಲ್ಲಿ ಬಂದು ನೆಲೆಸಿದರು. ಅದಕ್ಕೂ ಮುಂಚಿನಿಂದ ಅಲ್ಲಿನ ಮೂಲನಿವಾಸಿಗಳಾದ ಪ್ವೆಬ್ಲೋ ಜನ ಅಲ್ಲಿ ಮೆಕ್ಕೆಜೋಳ, ಬೀನ್ಸ್, ಕುಂಬಳ ಬೆಳೆಯುತ್ತಿದ್ದರು. ಆಮೇಲೆ 1821ರಲ್ಲಿ ಅದು ಮೆಕ್ಸಿಕೋ ಆಯಿತು, 1848ರಲ್ಲಿ ಅಮೆರಿಕ ಆಯಿತು. "ನಾವು ಇದ್ದಲ್ಲೇ ಇದ್ದೆವು ಮಿಹಾ, ದೇಶಗಳೇ ಬಂದು ಹೋದವು" ಅನ್ನುತ್ತಿದ್ದರು ಅತ್ತೆ. ಮಿಹಾ ಅಂದರೆ ನನ್ನ ಮಗಳೇ ಅಂತ. ಮದುವೆಗೆ ಮುಂಚೆ, ಮೊದಲನೇ ಸಲ ಅವರ ಮನೆ ಬಾಗಿಲಲ್ಲಿ ನಿಂತಾಗಲೇ ಹಾಗೆ ಕರೆದಿದ್ದರು.

ಮಣ್ಣು ಮಾಡಿ ಬಂದ ಮೇಲೆ ಒಂದು ವಾರ ನಾವು ಒಲೆ ಹಚ್ಚಲಿಲ್ಲ. ಚರ್ಚಿನವರು, ಅಕ್ಕಪಕ್ಕದವರು ಪಾತ್ರೆ ಪಾತ್ರೆ ತಂದುಕೊಟ್ಟರು. ಹತ್ತನೇ ದಿನ ಮನೆ ಖಾಲಿ. ಇವರು ಅಡುಗೆಮನೆ ಕಟ್ಟೆಗೆ ಒರಗಿ ನಿಂತು, "ಬೀನ್ಸು, ರೆಡ್ ಚಿಲೆ ಇದ್ದಿದ್ದರೆ" ಅಂದರು, ಅಷ್ಟೇ. ರೆಡ್ ಚಿಲೆ ಅಂದರೆ ಒಣ ಕೆಂಪು ಮೆಣಸಿನಕಾಯಿ ರುಬ್ಬಿ ಕುದಿಸಿದ ಗೊಜ್ಜು. ನಾನು ಡಬ್ಬಿ ತೆಗೆದೆ. ರೆಡ್ ಚಿಲೆ ಕಾರ್ಡು ಹುಡುಕಿದೆ. ಇಲ್ಲ. ಸ್ಪ್ಯಾನಿಷ್ ಹೆಸರಲ್ಲಿ ಇರಬಹುದು ಅಂತ ನೋಡಿದೆ. ಇಲ್ಲ. ಬೀನ್ಸ್ ಹುಡುಕಿದೆ, ಅದೂ ಇಲ್ಲ. ನೆಲದ ಮೇಲೆ ಕೂತು 142 ಕಾರ್ಡನ್ನೂ ಒಂದೊಂದಾಗಿ ತೆಗೆದು ಹರಡಿದೆ. ಆ ಮನೆಯಲ್ಲಿ ಐವತ್ತು ವರ್ಷ ದಿನಾ ಬೆಂದ ಎರಡು ಅಡುಗೆ ಆ ಡಬ್ಬಿಯಲ್ಲಿ ಎಲ್ಲೂ ಇರಲಿಲ್ಲ.

ಹಾಗಾದರೆ ಇದ್ದದ್ದೇನು? ಕ್ಯಾರೆಟ್ ಕೇಕಿಗೆ ಮೂರು ಕಾರ್ಡು, ಮೂರೂ ಬೇರೆ ಬೇರೆಯವರು ಕೊಟ್ಟಿದ್ದು. ಕಿತ್ತಳೆ ಜೆಲ್ಲಿಯಲ್ಲಿ ಅನಾನಸ್ ಹಾಕಿ ಗಟ್ಟಿ ಮಾಡುವ ಸಲಾಡು. ಡಬ್ಬದ ಮೀನು, ನೂಡಲ್ಸ್ ಸೇರಿಸಿ ಓವನ್ನಿನಲ್ಲಿಡುವ ಒಂದು ಅಡುಗೆ. ಮೇಲ್ಗಡೆ ಯಾರು ಕೊಟ್ಟರು ಅಂತ ಗುರುತು: "ಶಾಲೆಯ ಕ್ಯಾಂಟೀನಿನವಳು", "ಎದುರುಮನೆ", "ತಮ್ಮನ ಹೆಂಡತಿ". ಇನ್ನು ವರ್ಷಕ್ಕೊಮ್ಮೆ ಮಾಡುವಂಥವು: ಕ್ರಿಸ್‌ಮಸ್ಸಿನ ತಮಾಲೆ (ಮೆಕ್ಕೆಜೋಳದ ಹಿಟ್ಟಿನ ಕಡುಬು), ಬಿಸ್ಕೊಚೀತೋ ಅನ್ನೋ ಬಿಸ್ಕತ್ತು, ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಬ್ರೆಡ್ಡು, ಚೀಸು, ಒಣದ್ರಾಕ್ಷಿ ಹಾಕಿ ಮಾಡುವ ಸಿಹಿ. ಅಂದರೆ ಬೇರೆಯವರಿಂದ ಬಂದದ್ದನ್ನು ಬರೆದಿಟ್ಟರು, ಮರೆತುಹೋಗುವಂಥದ್ದನ್ನು ಬರೆದಿಟ್ಟರು. ಕೈಗೆ ಗೊತ್ತಿದ್ದದ್ದನ್ನು ಕಾರ್ಡಿಗೆ ಯಾಕೆ ಹೇಳಬೇಕು ಅಲ್ವಾ?

ನಮ್ಮಮ್ಮನೂ ಹೀಗೇ ಮಾಡಿದ್ದರು ಅಂತ ಆಗ ಹೊಳೆಯಿತು. ಅಮ್ಮನ ಹಳೇ ಡೈರಿಯ ಹಿಂದಿನ ಹಾಳೆಗಳಲ್ಲಿ ವರ್ಷದ ಹುಳಿಪುಡಿಗೆ ಬ್ಯಾಡಗಿ ಎಷ್ಟು, ಗುಂಟೂರು ಎಷ್ಟು, ಕೊತ್ತಂಬರಿ ಬೀಜ ಎಷ್ಟು ಅಂತ ಲೆಕ್ಕ ಇದೆ. ಹಪ್ಪಳದ ಅಳತೆ ಇದೆ. ಯಾರದೋ ಮನೆಯ ಬಾದಾಮಿ ಬರ್ಫಿ ಇದೆ. ವಾರಕ್ಕೆ ಎರಡು ಸಲ ಮಾಡುತ್ತಿದ್ದ ಬಸ್ಸಾರು? ಒಂದಕ್ಷರ ಇಲ್ಲ.

ಆ ರಾತ್ರಿ ನಾದಿನಿಗೆ ಫೋನ್ ಮಾಡಿದೆ. ಅವಳು ಸಾಂಟಾ ಫೇಯಲ್ಲಿ ಇರುವುದು. ಫೋನನ್ನು ಕಟ್ಟೆ ಮೇಲೆ ಒರಗಿಸಿಟ್ಟು, ಅವಳು ಹೇಳಿದ ಹಾಗೆ ಮಾಡುತ್ತಾ ಹೋದೆ. ಒಣ ಕೆಂಪು ಮೆಣಸಿನಕಾಯಿ ಇಪ್ಪತ್ತು. ತೊಟ್ಟು ಮುರಿದು, ಬೀಜ ಉದುರಿಸಿ, ತೊಳೆದು ಆರಿಸಿ, ಬರೀ ಬಾಣಲೆಯಲ್ಲಿ ಒಂದು ನಿಮಿಷ ಬೆಚ್ಚಗೆ ಮಾಡಬೇಕು. ನಾನು ಪುಡಿಗೆ ಹುರಿಯುವ ಅಭ್ಯಾಸದಲ್ಲಿ ಘಾಟು ಬರೋವರೆಗೂ ಹುರಿದೆ. ಈ ಕಡೆಯ ಮೆಣಸಿನಕಾಯಿಗೆ ಅದು ಆಗಲ್ಲ, ಸ್ವಲ್ಪ ಜಾಸ್ತಿ ಆದರೂ ಕಹಿ. ಅಷ್ಟನ್ನೂ ಚೆಲ್ಲಿ ಮತ್ತೆ ಶುರು ಮಾಡಿದೆ. ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ, ಬೆಳ್ಳುಳ್ಳಿ ಹಾಕಿ ನುಣ್ಣಗೆ ರುಬ್ಬಿ, ಜರಡಿಯಲ್ಲಿ ಸೋಸಬೇಕು. ಸಿಪ್ಪೆ ಮೇಲೆ ಉಳಿಯುತ್ತದೆ, ಕೆಳಗೆ ಇಟ್ಟಿಗೆ ಬಣ್ಣದ ರಸ ಇಳಿಯುತ್ತದೆ. ಕೊಬ್ಬಿನಲ್ಲಿ ಒಂದು ಚಮಚ ಮೈದಾ ಹೊಂಬಣ್ಣ ಬರುವ ಹಾಗೆ ಹುರಿದು, ಆ ರಸ ಸುರಿದು, ಉಪ್ಪು, ಒಂದು ಚಿಟಿಕೆ ಒರೆಗಾನೋ ಹಾಕಿ ಸಣ್ಣ ಉರಿಯಲ್ಲಿ ಕುದಿಸಬೇಕು. ಅಷ್ಟೇ.

"ಜೀರಿಗೆ ಹಾಕಲಾ?" ಅಂತ ಕೇಳಿದೆ.

"ಖಂಡಿತ ಬೇಡ. ಅದು ಟೆಕ್ಸಾಸಿನವರ ರುಚಿ. ಅಮ್ಮ ಇದ್ದಿದ್ದರೆ ಬೇಜಾರು ಮಾಡಿಕೊಳ್ಳುತ್ತಿದ್ದಳು."

ಇದು ನಮ್ಮವರಿಗೆ ಗೊತ್ತಿರಬೇಕಾದ ವಿಷಯ. ಬೆಂಗಳೂರಿನ ಹೋಟೆಲುಗಳಲ್ಲಿ ಮೆಕ್ಸಿಕನ್ ಅಂತ ಸಿಗುವ ಬಹುಪಾಲು ತಿಂಡಿಯಲ್ಲಿ ಜೀರಿಗೆ, ಹಳದಿ ಚೀಸು ಜೋರಾಗಿರುತ್ತದೆ. ಅದು ಟೆಕ್ಸಾಸ್ ಗಡಿಯಲ್ಲಿ ಬೆಳೆದ ಅಡುಗೆ. ನ್ಯೂ ಮೆಕ್ಸಿಕೋದ ಉತ್ತರದಲ್ಲಿ ಮೆಣಸಿನಕಾಯಿಯೇ ಮುಖ್ಯ, ಅದರ ಮೇಲೆ ಇನ್ಯಾವ ವಾಸನೆಯೂ ಏರಬಾರದು. ಇಲ್ಲಿ ಯಾವ ಹೋಟೆಲಿಗೆ ಹೋದರೂ "ಕೆಂಪೋ, ಹಸಿರೋ?" ಅಂತ ಕೇಳುತ್ತಾರೆ. ಆ ಪ್ರಶ್ನೆಯನ್ನೇ ಈ ರಾಜ್ಯ ತನ್ನ ಅಧಿಕೃತ ಪ್ರಶ್ನೆ ಅಂತ ಘೋಷಿಸಿಕೊಂಡಿದೆ. ಎರಡೂ ಬೇಕು ಅಂದರೆ "ಕ್ರಿಸ್‌ಮಸ್" ಅನ್ನಬೇಕು.

ಕೆಂಪು, ಹಸಿರು ಅಂದರೆ ಎರಡು ಜಾತಿಯಲ್ಲ. ಒಂದೇ ಗಿಡದ ಕಾಯಿ. ಹಸಿರಿದ್ದಾಗ ಕಿತ್ತು ಸುಟ್ಟರೆ ಗ್ರೀನ್ ಚಿಲೆ, ಗಿಡದಲ್ಲೇ ಹಣ್ಣಾಗಲು ಬಿಟ್ಟು ಒಣಗಿಸಿದರೆ ರೆಡ್ ಚಿಲೆ. ಇವತ್ತು ಹ್ಯಾಚ್ ಅನ್ನೋ ಊರಿನ ಹೆಸರಲ್ಲಿ ಮಾರುವ ಉದ್ದನೆಯ, ನಯವಾದ, ಹದವಾದ ಖಾರದ ಕಾಯಿಗೆ ಒಬ್ಬ ಮೂಲಪುರುಷರಿದ್ದಾರೆ. ಫಾಬಿಯಾನ್ ಗಾರ್ಸಿಯಾ ಅಂತ. ಮೆಕ್ಸಿಕೋದ ಚಿವಾವಾದಲ್ಲಿ ಹುಟ್ಟಿ, ತಬ್ಬಲಿಯಾಗಿ, ಅಜ್ಜಿಯ ಜೊತೆ ಈ ಕಡೆ ಬಂದವರು. ಲಾಸ್ ಕ್ರೂಸೆಸ್‌ನ ಕೃಷಿ ಕಾಲೇಜಿನಲ್ಲಿ ಓದಿ, ಅಲ್ಲೇ ವರ್ಷಗಟ್ಟಲೆ ತಳಿ ಬೆರೆಸಿ, 1921ರಲ್ಲಿ "ನ್ಯೂ ಮೆಕ್ಸಿಕೋ ನಂಬರ್ 9" ಅನ್ನೋ ತಳಿ ಹೊರತಂದರು. ಅದಕ್ಕೆ ಮುಂಚೆ ಒಂದೊಂದು ಗಿಡದಲ್ಲಿ ಒಂದೊಂದು ಆಕಾರ, ಒಂದೊಂದು ಖಾರ.

ಅತ್ತೆಯ ಕಡೆಯವರು ಮಾತ್ರ ಹಳೆಯದನ್ನೇ ಇಟ್ಟುಕೊಂಡವರು. ಚಿಮಾಯೋ ಅಂತ ಹಳ್ಳಿ, ಅಲ್ಲಿನ ನಾಟಿ ಮೆಣಸಿನಕಾಯಿ. ಚಿಕ್ಕದು, ಸೊಟ್ಟಗೆ, ತೆಳು ಸಿಪ್ಪೆ, ಬಾಯಿಗೆ ಸ್ವಲ್ಪ ಸಿಹಿ. ಒಂದು ಸಲ ಅಮ್ಮ ಕಟ್ಟಿಕೊಟ್ಟ ಬ್ಯಾಡಗಿ ಪುಡಿಯ ಪೊಟ್ಟಣ ಅತ್ತೆಯ ಮುಂದೆ ಬಿಚ್ಚಿದೆ. ಅವರು ಒಂದು ಚಿಟಿಕೆ ಅಂಗೈಗೆ ಹಾಕಿಕೊಂಡು, ಮೂಸಿ, ನಾಲಿಗೆ ತುದಿಗೆ ಮುಟ್ಟಿಸಿ, "ಇದು ಚಿಮಾಯೋದ ನೆಂಟ" ಅಂದರು. ಬಣ್ಣ ಜಾಸ್ತಿ, ಖಾರ ಕಮ್ಮಿ, ಹಾಗಾಗಿ ಧಾರಾಳವಾಗಿ ಹಾಕಬಹುದು. ಅವತ್ತಿಂದ ನಾನು ಬಿಸಿಬೇಳೆಬಾತಿಗೆ ಚಿಮಾಯೋ ಹಾಕುತ್ತೇನೆ. ಮೆಣಸಿನಕಾಯಿ ಹುಟ್ಟಿದ್ದೇ ಈ ಖಂಡದಲ್ಲಿ, ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕಡೆ ಬಂದದ್ದು ಅಂತ ಶಾಲೆಯಲ್ಲಿ ಓದಿದ್ದೆ. ಆ ಅಂಗೈ ನೋಡಿದ ಮೇಲೆ ಅದು ನನಗೆ ಮನೆಯ ವಿಷಯ ಆಯಿತು.

ಡಬ್ಬಿಯಲ್ಲಿ ಮೆಣಸಿನಕಾಯಿ ಅನ್ನೋ ವಿಭಾಗ ಇದೆ. ಅದರಲ್ಲಿರುವುದು ಒಂದೇ ಕಾರ್ಡು. ಅಡುಗೆ ಅಲ್ಲ, ಲೆಕ್ಕ. "1988, ಎರಡು ಗೋಣಿ, ಚೆನ್ನಾಗಿದೆ. 1989, ಎರಡು ಗೋಣಿ, ಬಲು ಖಾರ, ಮಕ್ಕಳು ತಿನ್ನಲಿಲ್ಲ. 1990, ಮೂರು, ತಂಗಿಗೆ ಒಂದು." ಹೀಗೆ ಎರಡು ಬದಿಯೂ ತುಂಬಿದೆ. ಆಗಸ್ಟ್ ಕೊನೆಗೆ, ಸೆಪ್ಟೆಂಬರಿನಲ್ಲಿ ಇಲ್ಲಿ ಅಂಗಡಿಗಳ ಮುಂದೆ ಕಬ್ಬಿಣದ ಜಾಲರಿಯ ಉರುಟು ಪಂಜರ ಇಟ್ಟು, ಕೆಳಗೆ ಗ್ಯಾಸಿನ ಉರಿ ಕೊಟ್ಟು, ಗೋಣಿಗಟ್ಟಲೆ ಹಸಿರು ಕಾಯಿ ತುಂಬಿ ತಿರುಗಿಸುತ್ತಾರೆ. ಚಟಪಟ ಸದ್ದು, ಕರಿ ಸಿಪ್ಪೆ ಹಾರುತ್ತಾ ಇರುತ್ತದೆ, ಇಡೀ ಬೀದಿಗೆ ಆ ವಾಸನೆ. ಬಿಸಿಬಿಸಿ ಕಾಯಿ ಮನೆಗೆ ತಂದು, ಬೆವರಲು ಬಿಟ್ಟು, ಸಿಪ್ಪೆ ಸುಲಿದು, ವರ್ಷಕ್ಕಾಗುವಷ್ಟು ಪೊಟ್ಟಣ ಕಟ್ಟಿ ಫ್ರೀಜರಿಗೆ ಹಾಕುವುದು ಒಂದು ದಿನದ ಕೆಲಸ. ಅತ್ತೆ, ನಾದಿನಿ, ನಾನು ಹಿತ್ತಲ ಮೇಜಿನ ಸುತ್ತ ಕೂತು ಸುಲಿಯುತ್ತಿದ್ದೆವು. ಕೈಗವಸು ಹಾಕಿಕೊಂಡರೂ ರಾತ್ರಿ ಬೆರಳು ಉರಿಯುತ್ತಿತ್ತು. ಕಾರ್ಡಿನ ಕೊನೆಯ ಸಾಲು ಅವರು ಹೋದ ವರ್ಷಕ್ಕೆ ಹಿಂದಿನದು. "ಒಂದು ಗೋಣಿ. ಸಾಕು."

ಕಾರ್ಡಿಲ್ಲದ ಇನ್ನೊಂದು ಅಡುಗೆ ನನಗೆ ಎಲ್ಲಕ್ಕಿಂತ ಹತ್ತಿರ. ನನ್ನ ಮೊದಲ ಬೇಸಿಗೆ. ಅತ್ತೆಯ ಮನೆ ಹಿಂದೆ ಒಂದು ಕಾಲುವೆ ಹರಿಯುತ್ತದೆ, ಊರವರೆಲ್ಲ ಸೇರಿ ವಸಂತದಲ್ಲಿ ಹೂಳೆತ್ತುವ ಹಳೇ ಕಾಲದ ಮಣ್ಣಿನ ಕಾಲುವೆ. ಅದರ ಏರಿ ಮೇಲೆ, ಬಿಸಿಲಲ್ಲಿ, ನೆಲಕ್ಕಂಟಿಕೊಂಡು ಗೋಣಿ ಸೊಪ್ಪು! ದಪ್ಪ ಎಲೆ, ಕೆಂಪು ದಂಟು, ಸಣ್ಣ ಹಳದಿ ಹೂ. ದೇಶ ಬಿಟ್ಟು ಬಂದು ನಾಲ್ಕು ತಿಂಗಳಾಗಿತ್ತು, ನಾನು ಸುಮ್ನೆ ಬಗ್ಗಿ ಕೀಳೋಕೆ ಶುರು ಮಾಡಿದೆ. ಹಿಂದಿನಿಂದ ಅತ್ತೆ "ವರ್ದೋಲಾಗಾಸ್!" ಅಂದರು. ಅವರ ಕೈಯಲ್ಲೂ ಒಂದು ಬುಟ್ಟಿ ಇತ್ತು. ಪಕ್ಕದ ಮನೆಯ ಅಮೆರಿಕನ್ನರಿಗೆ ಕಳೆ ಅನ್ನಿಸಿದ್ದು ನಮ್ಮಿಬ್ಬರಿಗೂ ರಾತ್ರಿಯ ಊಟ. ನಮ್ಮ ಚಕ್ಕೋತ ಸೊಪ್ಪಿನ ಜಾತಿಯದೂ ಅಲ್ಲೇ ಬೆಳೆಯುತ್ತದೆ, ಅದನ್ನು ಅವರು ಕೆಲೀತೆಸ್ ಅನ್ನುತ್ತಾರೆ. ಎರಡಕ್ಕೂ ಮಾಡುವ ವಿಧಾನ ಒಂದೇ: ಈರುಳ್ಳಿ, ಬೆಳ್ಳುಳ್ಳಿ ಬಾಡಿಸಿ, ಸೊಪ್ಪು ಹಾಕಿ, ಬೆಂದ ಪಿಂಟೋ ಬೀನ್ಸ್ ಎರಡು ಸೌಟು, ಮೇಲೆ ತರಿತರಿ ಕೆಂಪು ಮೆಣಸಿನಕಾಯಿ. ಸೊಪ್ಪು, ಕಾಳು! ಒಂದು ವಾರ ಬಿಟ್ಟು ನಾನು ಅದೇ ಸೊಪ್ಪು, ಅದೇ ಬೀನ್ಸ್ ಬೇಯಿಸಿ, ಬಸಿದು, ಕಟ್ಟಿಗೆ ಖಾರ ರುಬ್ಬಿ ಹಾಕಿ ಬಸ್ಸಾರು ಮಾಡಿಕೊಟ್ಟೆ. ಅತ್ತೆ ಬಟ್ಟಲೆತ್ತಿ ಕುಡಿದರು. ಎರಡನೇ ಸಲ ಹಾಕಿಸಿಕೊಂಡರು.

ಬರೆದಿಟ್ಟ ಕಾರ್ಡುಗಳನ್ನು ಕಮ್ಮಿ ಅಂತ ಹೇಳುತ್ತಿಲ್ಲ. ಕೆಲವನ್ನು ಓದಿದರೆ ಅತ್ತೆಯ ಅಮ್ಮನ ಕಾಲ ಕಣ್ಣಿಗೆ ಕಟ್ಟುತ್ತದೆ. ಹಳದಿಯಾದ ಒಂದು ಕಾರ್ಡಿನಲ್ಲಿ ಮಾಂಸವನ್ನು ಗಾಜಿನ ಜಾಡಿಯಲ್ಲಿ ಕೆಡದ ಹಾಗೆ ಮುಚ್ಚಿಡುವ ಕ್ರಮ ಇದೆ. ಅದರಲ್ಲಿ 10 ಪೌಂಡು ಒತ್ತಡ ಅಂತ ಬರೆದು, ಹೊಡೆದುಹಾಕಿ, ದಪ್ಪ ಅಕ್ಷರದಲ್ಲಿ 15 ಅಂತ ಮಾಡಿದ್ದಾರೆ. ಸಮುದ್ರ ಮಟ್ಟದವರಿಗೆ ಹತ್ತು ಸಾಕು, ಈ ಎತ್ತರಕ್ಕೆ ಸಾಲದು. ಆ ಕಾಲದಲ್ಲಿ ಸರ್ಕಾರದ ಕೃಷಿ ವಿಸ್ತರಣಾ ಇಲಾಖೆಯಿಂದ ಹೆಂಗಸರಿಗೆ ಇದನ್ನು ಕಲಿಸಲು ಹಳ್ಳಿಹಳ್ಳಿಗೆ ಬರುತ್ತಿದ್ದರು. ಅವರಲ್ಲಿ ಹೆಸರಾದವರು ಫಾಬಿಯೋಲಾ ಕಬೇಸಾ ದೆ ಬಾಕಾ ಗಿಲ್ಬರ್ಟ್. 1929ರಿಂದ ಮೂವತ್ತು ವರ್ಷ ಈ ಉತ್ತರದ ಹಳ್ಳಿಗಳಲ್ಲಿ ತಿರುಗಿದರು. ಪ್ವೆಬ್ಲೋ ಜನರ ಮಾತನ್ನೂ ಕಲಿತರು. ರೈಲು ಅಪಘಾತದಲ್ಲಿ ಒಂದು ಕಾಲು ಹೋದ ಮೇಲೂ ಕೆಲಸ ಬಿಡಲಿಲ್ಲ. ಅಜ್ಜಿಯರು ಕೈಯಳತೆಯಲ್ಲಿ ಮಾಡುತ್ತಿದ್ದ ಅಡುಗೆಯನ್ನು ಕಪ್ಪು, ಚಮಚದ ಲೆಕ್ಕಕ್ಕೆ ತಂದು ಅಚ್ಚು ಹಾಕಿಸಿದರು. ಅಂಥವರು ಇಲ್ಲದಿದ್ದರೆ ಇವತ್ತು ಎಷ್ಟೋ ಅಡುಗೆ ಬರೀ ಹೆಸರಾಗಿ ಉಳಿಯುತ್ತಿತ್ತು.

ಪೊಸೋಲೆ ಕಾರ್ಡೂ ಅತ್ತೆಯ ಅಮ್ಮನದೇ. "ಜೋಳ, ಸುಣ್ಣ, ನೀರು, ಸಿಪ್ಪೆ ಬಿಡುವವರೆಗೆ" ಅಂತ ಅದರ ಮೊದಲ ಸಾಲು. ಸುಣ್ಣ! ನಮ್ಮಲ್ಲಿ ಎಲೆ ಅಡಿಕೆಗೆ ಹಚ್ಚುವಂಥದ್ದೇ. ಸುಣ್ಣದ ನೀರಿನಲ್ಲಿ ಮೆಕ್ಕೆಜೋಳ ಬೇಯಿಸಿ ರಾತ್ರಿ ಬಿಟ್ಟರೆ ಬೆಳಗ್ಗೆ ಕಾಳಿನ ಹೊಟ್ಟು ಜಾರುತ್ತದೆ, ಕೈಯಲ್ಲಿ ಉಜ್ಜಿ ನಾಲ್ಕೈದು ನೀರಿನಲ್ಲಿ ತೊಳೆದರೆ ಬಿಳಿ ಮುತ್ತಿನ ಹಾಗೆ ಬರುತ್ತದೆ. ಅದನ್ನು ಹಂದಿಮಾಂಸ, ಕೆಂಪು ಚಿಲೆ ಜೊತೆ ಬೇಯಿಸಿದರೆ ಪೊಸೋಲೆ, ರುಬ್ಬಿದರೆ ತೊರ್ತೀಯಾ ಅನ್ನೋ ರೊಟ್ಟಿಯ ಹಿಟ್ಟು. ನಮ್ಮ ಜೋಳವಾಗಲಿ ಮೆಕ್ಕೆಜೋಳವಾಗಲಿ, ಬರೀ ಹಿಟ್ಟು ಹಿಡಿದು ನಿಲ್ಲಲ್ಲ, ಅದಕ್ಕೇ ನಮ್ಮ ಉತ್ತರ ಕರ್ನಾಟಕದವರು ರೊಟ್ಟಿಗೆ ಎಸರು ಕುದಿಸಿ ಹಿಟ್ಟು ಕಲಸುತ್ತಾರೆ. ಇವರು ಅದನ್ನು ಸುಣ್ಣದಲ್ಲಿ ಸಾಧಿಸಿದರು. ಸುಣ್ಣ ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಮೆಕ್ಕೆಜೋಳದಲ್ಲಿ ಕಟ್ಟಿಹಾಕಿದ ಹಾಗೆ ಇರುವ ನಿಯಾಸಿನ್ ಅನ್ನೋ ವಿಟಮಿನ್ನನ್ನು ಮೈಗೆ ಹತ್ತುವ ಹಾಗೆ ಬಿಡಿಸುತ್ತದೆ. ಯುರೋಪಿನವರು ಮೆಕ್ಕೆಜೋಳವನ್ನು ಕೊಂಡೊಯ್ದರು, ಸುಣ್ಣದ ಕ್ರಮವನ್ನು ಬಿಟ್ಟುಹೋದರು. ಇಟಲಿಯಲ್ಲಿ, ಆಮೇಲೆ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ, ಮೆಕ್ಕೆಜೋಳವನ್ನೇ ನಂಬಿದ ಬಡವರಿಗೆ ಆ ವಿಟಮಿನ್ ಸಾಲದೆ ಪೆಲ್ಲಾಗ್ರಾ ಅನ್ನೋ ಕಾಯಿಲೆ ಬಂದು ಚರ್ಮ ಒಡೆದು, ಬುದ್ಧಿ ಕೆಟ್ಟು, ಸಾವಿರಾರು ಜನ ಸತ್ತರು. ಹಳೇ ಕಾರ್ಡಿನಲ್ಲಿ ಸುಮ್ನೆ "ಸುಣ್ಣ" ಅಂತ ಇರುವ ಒಂದು ಪದದ ಹಿಂದೆ ಇಷ್ಟೆಲ್ಲ ಇದೆ. ನಾನು ಆ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟಿದ್ದೇನೆ.

ಬಿಸ್ಕೊಚೀತೋ ಬಗ್ಗೆ ಒಂದು ಮಾತು. 1989ರಲ್ಲಿ ರಾಜ್ಯವೇ ಅದನ್ನು ತನ್ನ ಬಿಸ್ಕತ್ತು ಅಂತ ಆರಿಸಿತು. ಮೈದಾ, ಸಕ್ಕರೆ, ಆನೀಸ್ ಕಾಳು (ನಮ್ಮ ಸೋಂಪಲ್ಲ, ಅದಕ್ಕಿಂತ ಸಣ್ಣದು, ಘಮ ಜಾಸ್ತಿ), ಮೇಲೆ ದಾಲ್ಚಿನ್ನಿ ಸಕ್ಕರೆ. ಮತ್ತೆ ಹಂದಿಕೊಬ್ಬು. ನಾನು ಮಾಂಸ ಮುಟ್ಟದ ಮನೆಯಲ್ಲಿ ಬೆಳೆದವಳು, ಮೊದಲ ವರ್ಷ ತುಪ್ಪದಲ್ಲಿ ಮಾಡುತ್ತೇನೆ ಅಂದೆ. ಅತ್ತೆ ಒಂದು ಮಾತೂ ಬೇಡ ಅನ್ನಲಿಲ್ಲ. ತುಪ್ಪದ್ದು ಹರಡಿಕೊಂಡು ತೆಳ್ಳಗಾಯಿತು, ಆದರೂ ರುಚಿ ಇತ್ತು. ಅವತ್ತು ರಾತ್ರಿ ಅವರು ತಮ್ಮ ಕಾರ್ಡಿನ ಅಂಚಿನಲ್ಲಿ ಬರೆದದ್ದು ಈಗ ಕಣ್ಣಿಗೆ ಬಿತ್ತು: "ಮಿಹಾಗೆ ಬೆಣ್ಣೆ ಕಾಯಿಸಿದ್ದು. ಹಿಟ್ಟು ಕಾಲು ಕಪ್ ಹೆಚ್ಚು ಬೇಕಾಗಬಹುದು." ಆಮೇಲಿನ ಪ್ರತಿ ಕ್ರಿಸ್‌ಮಸ್ಸಿಗೂ ಒಂದು ತಟ್ಟೆ ತುಪ್ಪದ ಬಿಸ್ಕೊಚೀತೋ ಬೇರೆ ಇರುತ್ತಿತ್ತು. ಅದು ಹೇಗೆ ಹರಡದೆ ನಿಲ್ಲುತ್ತಿತ್ತು ಅಂತ ನಾನು ಯಾವತ್ತೂ ಕೇಳಿರಲಿಲ್ಲ.

ಈ ಚಳಿಗಾಲದಲ್ಲಿ ಒಂದು ಕಟ್ಟು ಖಾಲಿ ಕಾರ್ಡು ತಂದೆ. ಮೊದಲು ಬರೆದದ್ದು ಬೀನ್ಸ್. ಬರೆಯಲು ಕೂತರೆ ಎಲ್ಲಿಂದ ಶುರು ಮಾಡಬೇಕೋ ತಿಳಿಯಲಿಲ್ಲ, ಯಾಕೆಂದರೆ ಅತ್ತೆಯ ಬೀನ್ಸ್ ಒಲೆ ಮೇಲೆ ಶುರುವಾಗುತ್ತಿರಲಿಲ್ಲ. ಮೇಜಿನ ಮೇಲೆ ಬಟ್ಟೆ ಹಾಸಿ ಕಾಳು ಸುರಿಯುತ್ತಿದ್ದರು. ಎಡಗೈಯಲ್ಲಿ ಪಾತ್ರೆಯನ್ನು ಮೇಜಿನಂಚಿಗೆ ಹಿಡಿದು, ಬಲಗೈಯ ಎರಡು ಬೆರಳಲ್ಲಿ ಒಳ್ಳೇ ಕಾಳನ್ನು ಎಳೆದು ಎಳೆದು ಬೀಳಿಸುತ್ತಿದ್ದರು. ಕಲ್ಲು, ಮುರುಕು ಕಾಳು ಬಟ್ಟೆ ಮೇಲೆ ಉಳಿಯುತ್ತಿತ್ತು. ಟಣ್ ಟಣ್ ಅಂತ ಮೊದಲು, ಪಾತ್ರೆ ತುಂಬುತ್ತಾ ಬಂದ ಹಾಗೆ ಸದ್ದು ಮೆತ್ತಗೆ. ನಾನು ಅದನ್ನೂ ಬರೆದೆ. ಉಪ್ಪು ಕೊನೆಗೆ ಅಂತ ಬರೆದೆ. ನೀರು ಸೇರಿಸಬೇಕಾದರೆ ಬಿಸಿನೀರು ಮಾತ್ರ ಅಂತ ಬರೆದೆ. ಅಲ್ಬುಕರ್ಕಿ 5,000 ಅಡಿಗಿಂತ ಎತ್ತರದಲ್ಲಿದೆ, ಇಲ್ಲಿ ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತದೆ, ಹಾಗಾಗಿ ಬರೀ ಪಾತ್ರೆಯಲ್ಲಿ ಕಾಳು ಬೇಯಲು ಅರ್ಧ ದಿನ ಹಿಡಿಯುತ್ತದೆ. ಅತ್ತೆಗೆ ಆ ಅರ್ಧ ದಿನ ಇತ್ತು. ನನಗೆ ಇಲ್ಲದ ದಿನ ಊರಿಂದ ತಂದ ಕುಕ್ಕರ್ ಇದೆ. ಎಷ್ಟು ಕೂಗು ಅಂತ ಅದನ್ನೂ ಕೆಳಗೆ ಬರೆದೆ.

ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷ್. ಮಗಳಿಗೆ ಒಂಬತ್ತು ವರ್ಷ, ಕನ್ನಡ ಕೂಡಿಸಿ ಕೂಡಿಸಿ ಓದುತ್ತಾಳೆ. ಮೊನ್ನೆ ಭಾನುವಾರ ಕಾಳು ಆರಿಸಲು ಅವಳನ್ನೇ ಕೂರಿಸಿದೆ. ಅವಳು ಎರಡು ಬೆರಳಲ್ಲಿ ಎಳೆದಳು. ನಾನು ಹೇಳಿಕೊಟ್ಟಿರಲಿಲ್ಲ. "ಗ್ರಾಮಾ ಹೀಗೇ ಮಾಡ್ತಿದ್ದಿದ್ದು" ಅಂದಳು.

ಸಂಜೆ ಇವರು ಬೀನ್ಸ್ ಬಟ್ಟಲಿಗೆ ಹಾಕಿಕೊಂಡು, ಮೇಲೆ ಚಿಲೆ ಸುರಿದು, ತೊರ್ತೀಯಾ ಮುರಿದು ಅದ್ದಿ ತಿಂದರು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹತ್ತಿರ ಬಂದಿದೆ, ಉಪ್ಪು ಸಾಲದು" ಅಂದರು.

ಎದ್ದು ಪೆನ್ಸಿಲ್ ತಂದು, ಕಾರ್ಡಿನಲ್ಲಿ ಒಂದು ಚಮಚ ಅಂತಿದ್ದದ್ದನ್ನು ಹೊಡೆದುಹಾಕಿ, ಒಂದೂವರೆ ಅಂತ ಮಾಡಿದೆ.